ಪಂಪು ನಿಲ್ಲಿಸಿದ ಆದೇಶ

1957ರ ಬೇಸಿಗೆ. ಏಕೀಕರಣವಾಗಿ ಆರು ತಿಂಗಳೂ ತುಂಬಿರಲಿಲ್ಲ. ನಾನು ಗದಗ-ಬೆಟಗೇರಿಯಲ್ಲಿ ನೀರು ಸರಬರಾಜಿನ ಮೇಲ್ವಿಚಾರಕನಾಗಿದ್ದೆ. ಕಚೇರಿಯ ಕಾಗದಗಳಲ್ಲಿ ಮುಂಬಯಿ ರಾಜ್ಯದ ಹೆಸರು ಹೊಡೆದುಹಾಕಿ ಮೈಸೂರು ಎಂದು ಬರೆಯುತ್ತಿದ್ದೆವು. ಉಳಿದದ್ದೆಲ್ಲ ಹಳೆಯ ರೀತಿಯಲ್ಲೇ ನಡೆದಿತ್ತು.

ಆ ವರ್ಷ ಬಿಸಿಲು ವಿಪರೀತ. ಬಿಸಿಲೇರಿದಂತೆ ಜನಕ್ಕೆ ನೀರು ಹೆಚ್ಚು ಬೇಕು, ಪಂಪು ಹೆಚ್ಚು ಹೊತ್ತು ಓಡಬೇಕು. ಅದೇ ಹೊತ್ತಿಗೆ ಫ್ಯಾನುಗಳೂ ಐಸ್ ಕಾರ್ಖಾನೆಯೂ ಕರೆಂಟು ಎಳೆಯುತ್ತವೆ. ಇಷ್ಟೂ ಲೋಡು, ಅಂದರೆ ಒಟ್ಟು ಬೇಡಿಕೆಯ ಭಾರ, ಹೊರುವ ಶಕ್ತಿ ಊರಿನ ಡೀಸೆಲ್ ಪವರ್‌ಹೌಸಿಗೆ ಇರಲಿಲ್ಲ. ಮಧ್ಯಾಹ್ನ ಏನನ್ನಾದರೂ ನಿಲ್ಲಿಸಲೇಬೇಕಿತ್ತು. ನನ್ನ ಮೇಲಧಿಕಾರಿ ಪಂಪು ನಿಲ್ಲಿಸಲು ಹೇಳಿದರು. ಅವರು ಇಸ್ಪೀಟಾಡುವ ಕ್ಲಬ್ಬಿನ ಫ್ಯಾನು ತಿರುಗುತ್ತಲೇ ಇತ್ತು. ಹನ್ನೆರಡರಿಂದ ನಾಲ್ಕರವರೆಗೆ ಪಂಪು ಬಂದ್ ಎಂಬ ಆದೇಶವನ್ನು ನಾನೇ ಕೈಯಾರೆ ಬರೆದು ಪವರ್‌ಹೌಸಿಗೆ ಕಳಿಸಿದೆ.

ಪೈಪು ಖಾಲಿಯಾದಾಗ ಒಳಗಿನ ಒತ್ತಡ ಹೋಗಿ, ಸಡಿಲವಾದ ಜಾಯಿಂಟುಗಳಿಂದ ಹೊರಗಿನ ಹೊಲಸು ಒಳಗಿಳಿಯುತ್ತದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಪೈಪು ಗಟಾರದ ಕೆಳಗೇ ಹಾಯ್ದಿತ್ತು. ಇದು ನನಗೆ ಗೊತ್ತಿತ್ತು.

ಆರನೆಯ ದಿನ ಆ ಓಣಿಯಲ್ಲಿ ವಾಂತಿ-ಭೇದಿ ಶುರುವಾಯಿತು. ಎಂಟನೆಯ ದಿನ ಮೇಲಧಿಕಾರಿ ಟೈಪು ಮಾಡಿಸಿದ ವರದಿಯೊಂದನ್ನು ನನ್ನ ಕೈಗಿತ್ತರು. ನೀರು ಶುದ್ಧವಾಗಿದೆ, ಜನರೇ ಕೊಡ ತೊಳೆಯುವುದಿಲ್ಲ ಎಂದಿತ್ತು.

“ಒಂದ್ ಸಲ ಓಣಿಗೆ ಹೋಗಿಬಂದು ಸಹಿ ಮಾಡ್ರಿ,” ಎಂದರು.

ಹೋದೆ. ನಳದ ಹತ್ತಿರ ಗೌರವ್ವ ಎಂಬ ನೇಕಾರ ಹೆಂಗಸು ನಿಂತಿದ್ದಳು. ಗಂಡ ಮಗ್ಗ ಬಿಟ್ಟು ಎರಡು ದಿನದಿಂದ ಮಲಗಿದ್ದ. ಕಾಗದದಾಗ ಏನೈತಿ ಎಂದು ಕೇಳಿದಳು. ಓದಿ ಹೇಳಿದೆ. ಅವಳು ಕೂಗಾಡಲಿಲ್ಲ. ಲಕಲಕ ಹೊಳೆಯುವಂತೆ ತಿಕ್ಕಿದ ಹಿತ್ತಾಳೆ ತಂಬಿಗೆ ತಂದು, ನನ್ನೆದುರೇ ನೀರು ಹಿಡಿದು ಕೊಟ್ಟಳು.

“ತಂಬಿಗಿ ತೊಳದೇನಿ, ನೋಡ್ರಿ. ಒಂದು ಗುಟುಕು ಕುಡೀರಿ ಸಾಹೇಬ್ರ. ಆಮ್ಯಾಲೆ ಸಹಿ ಮಾಡ್ರಿ.”

ತುಟಿಯ ಹತ್ತಿರ ಒಯ್ದೆ. ಗಟಾರದ ನಾತ. ಕುಡಿಯದೆ ಕೆಳಗಿಟ್ಟೆ.

“ನಿಮಗ ಒಲ್ಲದ್ದು ನಮಗ ಹೆಂಗ ನಡೀತೈತ್ರಿ?” ಎಂದಳು.

ಮೇಲಧಿಕಾರಿ ಕ್ಲಬ್ಬಿನಲ್ಲೇ ಸಿಕ್ಕರು. ಸಹಿ ಮಾಡುವುದಿಲ್ಲ ಎಂದೆ. ಇಸ್ಪೀಟಿನ ಎಲೆಗಳಿಂದ ಕಣ್ಣೆತ್ತದೆ, “ಬ್ಯಾರೆಯವರು ಮಾಡ್ತಾರ, ಬಿಡ್ರಿ,” ಎಂದರು. ಅವರ ಮುಂದಿದ್ದ ಶರಬತ್ತಿನಲ್ಲಿ ಐಸು ತೇಲುತ್ತಿತ್ತು. ಆ ಮನುಷ್ಯನ ಎದುರು ನಿಲ್ಲುವುದೂ ಹೇಸಿಗೆ ಎನಿಸಿತು.

ಅಲ್ಲಿಂದ ನೇರ ಪವರ್‌ಹೌಸಿಗೆ ಹೋಗಿ ನನ್ನ ಆದೇಶ ರದ್ದು ಮಾಡಿ ಬರೆದುಕೊಟ್ಟೆ. ಪಂಪಿನ ಬದಲು ಕ್ಲಬ್ಬು, ಐಸ್ ಕಾರ್ಖಾನೆಗಳ ಲೈನು ಬಂದ್ ಆಯಿತು, ಪಂಪು ಓಡಿತು. ಪೈಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ತಿಂಗಳೊಳಗೆ ನನ್ನನ್ನು ಮುಂಡರಗಿಗೆ ಎತ್ತಂಗಡಿ ಮಾಡಿದರು. ಆ ವರದಿ ಬೇರೊಬ್ಬರ ಸಹಿಯೊಂದಿಗೆ ಮೇಲೆ ಹೋಯಿತೆಂದು ಆಮೇಲೆ ತಿಳಿಯಿತು.

ಕರೆಂಟು ಸಾಲದಿದ್ದಾಗ ಏನನ್ನು ನಿಲ್ಲಿಸಬೇಕೆಂದು ಯಂತ್ರ ಹೇಳುವುದಿಲ್ಲ. ಯಾರೋ ಒಬ್ಬರು ಬರೆಯುತ್ತಾರೆ. ಬರೆಯುವವನು ಮೊದಲು ನಳದ ಹತ್ತಿರ ಹೋಗಿ ನಿಲ್ಲಬೇಕು. ನಾನು ಎಂಟು ದಿನ ತಡಮಾಡಿ ಹೋದೆ. ಗೌರವ್ವನ ಗಂಡ ಎದ್ದು ಕುಳಿತ. ಅವಳ ಮನೆಯಿಂದ ಮೂರನೆಯ ಮನೆಯಲ್ಲಿ ಅದೇ ವಾಂತಿ-ಭೇದಿಯಿಂದ ಮಲಗಿದ್ದ ಮುದುಕಿ ಮತ್ತೆ ಏಳಲಿಲ್ಲ. ಆ ಮುದುಕಿಯ ಹೆಸರನ್ನೂ ನಾನು ಕೇಳಿರಲಿಲ್ಲ.