ನನ್ನನ್ನು ನೋಡಲು ಬಂದ ಕಾಲೇಜು

ತೆಲಂಗಾಣ ರಾಜ್ಯ ಬಂದ ವರ್ಷ ನಾನು ಕನ್ನಡ ಮಾತಾಡುವ ಗಡಿಯೂರು ನಾರಾಯಣಪೇಟೆಯಲ್ಲಿ ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದೆ. ಒಟ್ಟಿಗೇ ಎರಡು ಡಿಗ್ರಿ ಕೊಡುವ ದೊಡ್ಡ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದೆ. ಅಲ್ಲಿಗೆ ಬರೀ ಮಾರ್ಕ್ಸ್ ಸಾಲದಂತೆ. ಕಲೆ, ಸಮಾಜಸೇವೆ, ನಾಯಕತ್ವ ಎಲ್ಲವೂ ಬೇಕಂತೆ. ಹದಿನೇಳರ ಹುಡುಗಿ ಅಷ್ಟರೊಳಗೆ ಊರು ಉದ್ಧಾರ ಮಾಡಿರಬೇಕು ಅನ್ನುವವರ ತಲೆ ನೆಟ್ಟಗಿದೆಯೇ?

ಅವ್ವನಿಗೆ ಮಾತ್ರ ಇದು ಹೊಸದೆನಿಸಲಿಲ್ಲ. ಅಕ್ಕನನ್ನು ನೋಡಲು ಗದ್ವಾಲದಿಂದ ಗಂಡಿನ ಕಡೆಯವರು ಬಂದಾಗ, ಪಕ್ಕದ ಮನೆಯವರು ನೇಯ್ದ ಸೀರೆ ತೋರಿಸಿ "ಇದನ್ನ ನೇಯ್ದಾಕಿ ಇಕೀನರಿ" ಎಂದವಳು ಅವಳು.

ಕಾಲೇಜಿನ ಮೇಡಂ ಸಂದರ್ಶನಕ್ಕೆ ಫೋನ್ ಮಾಡಿದರು. ನನ್ನ ಗ್ರಹಚಾರಕ್ಕೆ ಅವರಿಗೆ ಕನ್ನಡ ಬರುತ್ತಿತ್ತು. ಸ್ಪೀಕರ್ ಹಾಕಿದ್ದ ಫೋನನ್ನು ಅವ್ವ ಕಸಿದುಕೊಂಡಳು. ಅದೇ ಸೀರೆ ಈಗ ನನ್ನ ಪಾಲಿಗೆ ಬಂತು.

"ಸೀರಿ ನೇಯ್ತಾಳ್ರಿ, ಡೊಳ್ಳು ಬಾರಿಸ್ತಾಳ್ರಿ. ತೆಲಂಗಾಣ ಹೋರಾಟದಾಗ ಮಕ್ತಲ್ ರಸ್ತಾ ಬಂದ್ ಮಾಡಿ ಅದರ ಮ್ಯಾಲ ಒಲಿ ಹೂಡಿ ಮಂದಿಗೆಲ್ಲ ಅಡಿಗಿ ಮಾಡಿ ಹಾಕ್ಯಾಳ್ರಿ."

ನಾನು ಅಲ್ಲಿಗೆ ಹೋಗಿದ್ದು ಉಪ್ಪಿಟ್ಟು ತಿನ್ನಲಿಕ್ಕೆ.

ಮೇಡಂ ಕೇಳಿದರು: "ಇಷ್ಟೆಲ್ಲ ಮಾಡಿದರೆ ಓದೋದು ಯಾವಾಗಮ್ಮ?"

ಅವ್ವ ಒಂದಿಷ್ಟೂ ತಡವರಿಸಲಿಲ್ಲ. "ಓದಾಕ ಅಂತನ ನಿಮ್ಮಲ್ಲಿಗೆ ಕಳಸಾಕ ಹತ್ತೀನಲ್ರಿ!"