ಮೂರನೇ ರೂಮಿನ ಅಕ್ಕನಿಗೆ ಕುಡಿಸಿದ ಪಾನಕ

ಹೋದ ವಾರ ಆನೇಕಲ್ಲಿನಲ್ಲಿ ನೆಂಟರ ಮನೆಯ ಸೀಮಂತ. ಬಿಸಿಲಲ್ಲಿ ಹೋದವಳಿಗೆ ಬಾಗಿಲಲ್ಲೇ ಒಂದು ಲೋಟ ಪಾನಕ ಕೊಟ್ಟರು. ನಿಂಬೆ, ಬೆಲ್ಲ, ಮೇಲೊಂದಿಷ್ಟು ಏಲಕ್ಕಿ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಲೋಟ ಕೈಯಲ್ಲೇ ಉಳಿಯಿತು. "ನಿಂಗೂ ಸಕ್ಕರೆ ಕಾಯ್ಲೆ ಬಂತಾ?" ಎಂದು ನಾದಿನಿ ನಕ್ಕಳು. ಹೂಂ ಎಂದುಬಿಟ್ಟೆ. ನಿಜ ಹೇಳುವಷ್ಟು ಪುರುಸೊತ್ತು ಅಲ್ಲಿರಲಿಲ್ಲ, ಧೈರ್ಯವೂ ಇರಲಿಲ್ಲ.

ಬೊಮ್ಮಸಂದ್ರದ ಹತ್ತಿರ ನಮ್ಮ ಮನೆಯ ಹಿಂದೆ ಆಗ ಸಾಲಾಗಿ ಎಂಟು ಶೀಟಿನ ರೂಮುಗಳಿದ್ದವು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮಾವ ಕಟ್ಟಿಸಿದ್ದು. ಎಂಟು ರೂಮಿಗೆ ಸೇರಿ ಕೊನೆಯಲ್ಲಿ ಎರಡು ಟಾಯ್ಲೆಟ್. ಮೂರನೇ ರೂಮಿಗೆ ಕಲಬುರಗಿ ಕಡೆಯ ಗಂಡ ಹೆಂಡತಿ ಬಂದರು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಹೆಂಡತಿ ಆಗಲೇ ಹತ್ತು ವರ್ಷದಿಂದ ಗಾರ್ಮೆಂಟ್ಸಿನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹಾಗಾಗಿ ನಾನು ಅಕ್ಕ ಎನ್ನುತ್ತಿದ್ದೆ. ಅವಳೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು. ಜೋಳದ ರೊಟ್ಟಿ ತಟ್ಟಿದ ದಿನ ಎರಡು ನನಗೆ ಬರುತ್ತಿದ್ದವು, ನಮ್ಮ ಮುದ್ದೆ ಸಾರು ಅವಳಿಗೆ ಹೋಗುತ್ತಿತ್ತು. ಐದು ವರ್ಷ ಹೀಗೇ ನಡೆಯಿತು.

ಕೊನೆಯ ವರ್ಷ ಅವಳು ಪದೇ ಪದೇ ಟಾಯ್ಲೆಟ್ಟಿಗೆ ಓಡುವುದು ನನ್ನ ಕಣ್ಣಿಗೆ ಬಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಕೇಳಿಯೇಬಿಟ್ಟೆ. ತಲೆ ತಗ್ಗಿಸಿ, "ಉರೀತದ್ರಿ" ಎಂದಳು ಅಷ್ಟೇ. ಅಷ್ಟು ಸಾಕಾಯಿತು ನನಗೆ! ಅದಕ್ಕಿಂತ ಎರಡು ವರ್ಷ ಮೊದಲು ನನಗೂ ಉರಿಮೂತ್ರವಾಗಿ, ಮಾತ್ರೆ ತಿಂದು ಐದು ದಿನಕ್ಕೆ ಸರಿಹೋಗಿತ್ತು. ಅದೇ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಅವಳಿಗೂ ತರಿಸಿದೆ. "ಉಷ್ಣ ಆಗೈತೆ ಕಣಕ್ಕ, ಸುಮ್ನೆ ಕುಡಿ" ಎಂದು ದಿನಾ ಸಂಜೆ ಅವಳು ಕೆಲಸದಿಂದ ಬರುವಷ್ಟರಲ್ಲಿ ದೊಡ್ಡ ಚೊಂಬಿನ ತುಂಬ ನಿಂಬೆ ಪಾನಕ ಮಾಡಿಡುತ್ತಿದ್ದೆ. ಚೊಂಬು ಖಾಲಿಯಾಗುವವರೆಗೆ ಎದುರಿಗೇ ನಿಂತಿರುತ್ತಿದ್ದೆ. ಒಂದೆರಡು ಸಲ ಅವಳ ಮುಖ ಹಿಂಡಿದ್ದು ನೋಡಿ, ಹುಳಿ ಜಾಸ್ತಿಯಾಯಿತೇನೋ ಎಂದು ಬೆಲ್ಲ ಹೆಚ್ಚಿಸಿದೆ. ಎಂಥ ಬುದ್ಧಿವಂತಿಕೆ ನನ್ನದು!

ಮಾತ್ರೆಯಿಂದ ಏನೂ ಆಗಲಿಲ್ಲ. ಫ್ಯಾಕ್ಟರಿಯಲ್ಲಿ ಒಂದು ಲೈನಿಗೆ ಒಂದೇ ಟಾಯ್ಲೆಟ್ ಪಾಸು. ಒಬ್ಬಳು ಕತ್ತಿಗೆ ಹಾಕಿಕೊಂಡು ಹೋದರೆ ಅವಳು ಬರುವವರೆಗೆ ಉಳಿದವರು ಕಾಯಬೇಕು. ಇವಳು ಆ ಪಾಸಿಗೆ ಹೆದರಿ ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಆದರೂ ಓಡುವುದು ನಿಲ್ಲಲಿಲ್ಲ, ಇವಳ ಮಿಷಿನ್ ನಿಂತರೆ ಹಿಂದಿನವರ ಕೆಲಸವೂ ನಿಲ್ಲುತ್ತಿತ್ತು. ಕಡೆಗೆ ಇನ್‌ಚಾರ್ಜ್ ಹೇಳಿದನಂತೆ: ಏನು ಕಾಯಿಲೆ ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಬಾ, ಇಲ್ಲವಾದರೆ ಮಿಷಿನ್ ಬಿಡು.

ಕಾಯಿಲೆಯ ಹೆಸರು ಹುಡುಕುವುದೇ ದೊಡ್ಡ ಪಾಡಾಯಿತು. ಒಂದು ಕ್ಲಿನಿಕ್ಕಿನಲ್ಲಿ ಸೋಂಕು ಎಂದರು, ಮೂತ್ರ ಪರೀಕ್ಷೆ ಮಾಡಿಸಿದರೆ ಎರಡು ಸಲವೂ ಏನೂ ಇಲ್ಲ ಎಂದು ಬಂತು. ಇನ್ನೊಬ್ಬರು, ಮೂತ್ರಕೋಶ ಸುಮ್ಮಸುಮ್ಮನೆ ಅವಸರ ಮಾಡುತ್ತಿದೆ ಎಂದು ಬೇರೆ ಮಾತ್ರೆ ಬರೆದರು. ಅದರಿಂದ ಬಾಯಿ ಒಣಗಿದ್ದೊಂದೇ ಲಾಭ. ಕೊನೆಗೆ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು: "ತಡ್ಕೊಳ್ಳೋಕಾಗದೆ ಓಡ್ತೀರಾ, ಇಲ್ಲ ನೋವು ತಡೀಲಾರ್ದೆ ಓಡ್ತೀರಾ?"

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. "ನೋವಿಗ್ರಿ. ತುಂಬಿದಂಗ ತುಂಬಿದಂಗ ನೋವು ಹೆಚ್ಚಾಗ್ತದ್ರಿ. ಹೋಗಿ ಬಂದ್ರ ಜರಾ ಕಡಿಮಿ."

ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಾಚಿಕೆ... ಯಾರೂ ಕೇಳಿಯೂ ಇರಲಿಲ್ಲ. ಡಾಕ್ಟರಮ್ಮ ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಸೋಂಕಾದರೆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಬರೀ ಅವಸರದ ತೊಂದರೆಯಾದರೆ ತಡೆಯುವುದು ಕಷ್ಟ, ದಾರಿಯಲ್ಲೇ ಆಗಿಬಿಡಬಹುದು, ಆದರೆ ಇಂಥ ನೋವಿರುವುದಿಲ್ಲ. ಇದು ಮೂತ್ರಕೋಶದ್ದೇ ಒಂದು ಬಿಡದೆ ಕಾಡುವ ನೋವಿರಬಹುದು, ಬೇರೆ ಯಾವುದೂ ಅಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೇಳಬೇಕು ಎಂದರು. ಇನ್ನೆರಡು ಪರೀಕ್ಷೆ ಬರೆದು, ಒಂದು ಹಾಳೆಯನ್ನೂ ಕೊಟ್ಟರು. ಮೂರು ದಿನ ಏನು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೋಯಿತು, ನೋವು ಎಷ್ಟಿತ್ತು ಎಂದು ಬರೆಯಬೇಕು.

ಅವಳಿಗೆ ಬರೆಯುವುದು ಅಷ್ಟು ರೂಢಿ ಇರಲಿಲ್ಲ. ಅವಳು ಹೇಳಿದಳು, ನಾನು ಬರೆದೆ. ಮೂರನೇ ದಿನ ಹಾಳೆಯ ಮೇಲೆ ಬೆರಳಿಟ್ಟು ಓದುತ್ತ ಬಂದೆ. ಮೂರು ದಿನವೂ ಸಂಜೆ ಆರಕ್ಕೆ 'ನಿಂಬೆ ಪಾನಕ, ಒಂದು ಚೊಂಬು'. ಮೂರು ದಿನವೂ ಅದರ ಕೆಳಗೆ 'ನೋವು ಜಾಸ್ತಿ', ಮತ್ತೆ 'ಜಾಸ್ತಿ', ಮತ್ತೆ 'ತಡೆಯಲಾಗಲಿಲ್ಲ'. ನನ್ನದೇ ಅಕ್ಷರ! ನಾಲ್ಕು ತಿಂಗಳು ಕುಡಿಸಿದ್ದೆ ನಾನು. ಪಾನಕ ಕುಡಿದ ಮೇಲೆ ಹೀಗಾಗುತ್ತದೆ ಎಂದು ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಹೂಂ ಎಂದು ತಲೆ ಆಡಿಸಿದಳು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ ಸುಮ್ಮನೆ ನಕ್ಕು ಒಳಗೆ ಹೋದಳು. ನನ್ನ ಮೇಲಿನ ಪ್ರೀತಿಗೆ ಕುಡಿದಳಲ್ಲ ಎಂದು ನಾನು ಅವತ್ತು ಅತ್ತೆ.

ಹುಳಿ, ಖಾರ, ಟೀ ಬಿಟ್ಟ ಮೇಲೆ ಅವಳಿಗೆ ಎಷ್ಟೋ ಮೇಲಾಯಿತು. ಪೂರ್ತಿ ಹೋಗುವ ನೋವಲ್ಲ, ಜೊತೆಗಿಟ್ಟುಕೊಂಡು ಬಾಳಬೇಕು ಎಂದಿದ್ದರು ಡಾಕ್ಟರಮ್ಮ. ಪರೀಕ್ಷೆಗಳೆಲ್ಲ ಮುಗಿದು ಕಾಯಿಲೆಯ ಹೆಸರಿದ್ದ ಚೀಟಿ ಕೈಗೆ ಬಂದಾಗ ಅವಳ ಮಿಷಿನ್ನಿಗೆ ಬೇರೆಯವಳನ್ನು ಕೂರಿಸಿ ಎರಡು ವಾರವಾಗಿತ್ತು. ದಾರ ಕತ್ತರಿಸುವ ಹೆಲ್ಪರ್ ಕೆಲಸ ಮಾಡು ಎಂದರಂತೆ. ಹದಿನೈದು ವರ್ಷ ಕಾಲರ್ ಕೂರಿಸಿದವಳು ಒಪ್ಪಲಿಲ್ಲ. ಊರಿಗೆ ಹೊರಟರು.

ಟೆಂಪೋಗೆ ಸಾಮಾನು ಏರಿಸುವಾಗ ಅವಳ ಕೈ ಹಿಡಿದುಕೊಂಡು ಮತ್ತೆ ಕೇಳಿದೆ, "ಒಂದ್ ಮಾತು ಬ್ಯಾಡ ಅನ್ಬಾರ್ದಿತ್ತಾ ಅಕ್ಕ?"

ಅವಳಿಗೆ ಸಿಟ್ಟಿರಲಿಲ್ಲ. ಸೆರಗು ಸಿಗಿಸಿಕೊಳ್ಳುತ್ತ ಸಲೀಸಾಗಿ ಹೇಳಿದಳು: "ಓನರ್ ಮನಿಯವ್ರು ಕೊಟ್ಟದ್ದು ಒಲ್ಲೆ ಅನ್ನಾಕ ಆಗ್ತದೇನ್ರಿ, ಅಕ್ಕಾರ? ಸಿಟ್ಟಾಗಿ ರೂಮ್ ಬಿಡ್ರಿ ಅಂದ್ರ ಎಲ್ಲಿಗಿ ಹೋಗ್ಬೇಕಿತ್ತು?"

ಟೆಂಪೋ ಹೊರಟಿತು...

ಈಗ ಆ ಶೀಟಿನ ರೂಮುಗಳಿಲ್ಲ. ಕೆಡವಿ ಮೂರು ಮಹಡಿಯ ಪಿಜಿ ಮಾಡಿದ್ದೇವೆ, ರೂಮಿಗೊಂದು ಟಾಯ್ಲೆಟ್ ಇದೆ. ಅವಳ ನಂಬರಿಗೆ ಫೋನ್ ಮಾಡಿದರೆ ಯಾರೋ ಬೇರೆಯವರು ಎತ್ತುತ್ತಾರೆ. ಹೇಗಿದ್ದಾಳೋ, ನೋವು ಹೇಗಿದೆಯೋ ಗೊತ್ತಿಲ್ಲ. ಅಕ್ಕ ತಂಗಿಯರ ಹಾಗಿದ್ದೆವು ಎಂದು ಈಗಲೂ ಎಲ್ಲರ ಹತ್ತಿರ ಹೇಳಿಕೊಳ್ಳುತ್ತೇನೆ. ಅವಳ ಲೆಕ್ಕದಲ್ಲಿ ನಾನು ಆ ಐದು ವರ್ಷವೂ ಓನರ್ ಆಗಿದ್ದೆ.