ನೀರು ನಿಂತ ಕಾರು

ನಮ್ಮ ಹಳೆಯ ಕಾರಿನ ತಳ ತುಕ್ಕು ಹಿಡಿದು, ಒಂದು ದಿನ ಹೆಂಡತಿಯ ಚಪ್ಪಲಿ ಆ ತೂತಿನಿಂದ ರಸ್ತೆಗೆ ಬಿತ್ತು. ಆಮೇಲೆ ಅವಳು ಕಾರು ಹತ್ತಲೇ ಇಲ್ಲ. ಬೆಟಗೇರಿಯಲ್ಲಿ ನೀರಿನ ಟಾಕಿ ಮಾಡುವ ವೆಲ್ಡರ್ ಒಬ್ಬರಿಗೆ ಹೊಸ ತಗಡು ಕೂಡಿಸಲು ಕೊಟ್ಟೆ. ತರಲು ಇಬ್ಬರೂ ಹೋದಾಗ ಕಾರಿನೊಳಗೆ ಎರಡು ಕೊಡ ನೀರು ನಿಂತಿತ್ತು.

"ಮುಂಜಾನಿ ಹಾಕೇನ್ರಿ. ಒಂದ್ ಹನಿ ಸೋರಿಲ್ಲ ನೋಡ್ರಿ," ಎಂದರು ವೆಲ್ಡರ್.

"ನೀರು ಹೋಗಾಕ ತಳದಾಗ ಮೊದಲಿಂದ ಸಣ್ಣ ತೂತು ಇದ್ವಲ್ರಿ?" ಎಂದೆ.

"ಅವನ್ನೂ ಬಿಟ್ಟಿಲ್ರಿ, ಮುಚ್ಚೇನಿ."

ಅವನ್ನು ಮತ್ತೆ ಕೊರೆಯಲು ಹೇಳಬೇಕೆನ್ನುವಷ್ಟರಲ್ಲಿ ಹೆಂಡತಿ ಬಗ್ಗಿ ನೀರು ನೋಡಿದಳು. "ಈಗ ಹತ್ತತೇನ್ರಿ. ಮತ್ತ ತೂತು ಹಾಕಸಬ್ಯಾಡ್ರಿ."

ನೀರು ಖಾಲಿ ಮಾಡಿಸಿ ಹೊರಟೆವು; ನಮ್ಮೂರು ಮುಂಡರಗಿಯವರೆಗೆ ಅವಳು ಆರಾಮವಾಗಿ ನಿದ್ದೆ ಮಾಡಿದಳು. ಅಂದಿನಿಂದ ಕಾರು ತೊಳೆದ ದಿನ ಒಳಗಿನ ನೀರನ್ನು ತಂಬಿಗೆಯಿಂದ ಮೊಗೆಯುವ ಕೆಲಸ ನನ್ನದು.